ಸ್ಕೂಟರ್‌ನ ವೇರಿಯೇಟರ್ ರೋಲರ್ ಸವೆದಾಗ: ಕಂಪನಿ ಸೆಟ್ಟೇ, ಲೋಕಲ್ಲೇ, ಹಗುರದ್ದೇ, ಇಡೀ ವೇರಿಯೇಟರೇ?

ಪಿಕಪ್ ಬಿದ್ದುಹೋಗಿದೆ, ಎಂಜಿನ್ ಕೂಗುತ್ತದೆ ಆದರೆ ಗಾಡಿ ಏಳುವುದಿಲ್ಲ, ನಿಂತಲ್ಲೇ ಇದ್ದಾಗ ಎಡಗಡೆಯಿಂದ ಕಟಕಟ ಸದ್ದು. ಗೇರ್‌ಲೆಸ್ ಸ್ಕೂಟರ್ ಒಂದಷ್ಟು ಸಾವಿರ ಕಿಲೋಮೀಟರ್ ಓಡಿದ ಮೇಲೆ ಈ ದೂರುಗಳು ಶುರುವಾಗುತ್ತವೆ. ಗ್ಯಾರೇಜಿಗೆ ಹೋದರೆ ಒಬ್ಬರು ರೋಲರ್ ಸೆಟ್ ಹಾಕಿದರೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ಇಡೀ ವೇರಿಯೇಟರ್ ಬದಲಿಸಿ ಅನ್ನುತ್ತಾರೆ, ಮೂರನೆಯವರು ತೂಕ ಕಮ್ಮಿ ಇರುವುದನ್ನು ಹಾಕಿದರೆ ಗಾಡಿ ಹಾರುತ್ತದೆ ಅನ್ನುತ್ತಾರೆ. ಮೂವರ ಮಾತೂ ಬೇರೆ ಬೇರೆ ಗಾಡಿಗೆ ನಿಜ. ನಿಮ್ಮ ಗಾಡಿಗೆ ಯಾವುದು ನಿಜ ಎಂದು ತಿಳಿಯಲು ಕವರ್ ಬಿಚ್ಚಿ ನೋಡಬೇಕು. ಅದಕ್ಕೂ ಮೊದಲೇ ಪಾರ್ಟ್ ಕೊಂಡುಕೊಳ್ಳಬೇಡಿ.

ಒಳಗೆ ಏನಿದೆ ಎಂದು ಚುರುಕಾಗಿ ಹೇಳಿಬಿಡುತ್ತೇನೆ. ಆಕ್ಟಿವಾ, ಜುಪಿಟರ್, ಆಕ್ಸೆಸ್, ಡಿಯೊ, ಎನ್‌ಟಾರ್ಕ್, ಯಾವುದೇ ಪೆಟ್ರೋಲ್ ಗೇರ್‌ಲೆಸ್ ಸ್ಕೂಟರ್ ಇರಲಿ, ಎಡಗಡೆಯ ಉದ್ದನೆಯ ಕವರ್ ಒಳಗೆ ಎರಡು ಪುಲ್ಲಿ, ಅವುಗಳ ನಡುವೆ ಒಂದು ಬೆಲ್ಟ್ ಇರುತ್ತದೆ. ಮುಂದಿನ ಪುಲ್ಲಿ ಕ್ರ್ಯಾಂಕ್ ಶಾಫ್ಟ್ ಮೇಲೆ ಕೂತಿರುತ್ತದೆ, ಅದೇ ವೇರಿಯೇಟರ್. ಅದರ ಒಂದು ತಟ್ಟೆ ಅಲ್ಲಾಡುವುದಿಲ್ಲ, ಇನ್ನೊಂದು, ಶಾಫ್ಟಿಗೆ ತೊಡಿಸಿದ ಲೋಹದ ಕೊಳವೆಯಾದ ಬುಷ್ ಮೇಲೆ ಹಿಂದೆ ಮುಂದೆ ಜರುಗುತ್ತದೆ. ಜರುಗುವ ತಟ್ಟೆಯ ಬೆನ್ನಿನಲ್ಲಿ ಸಾಮಾನ್ಯವಾಗಿ ಆರು ಇಳಿಜಾರು ಹಾದಿಗಳು, ಒಂದೊಂದರಲ್ಲಿ ಒಂದು ರೋಲರ್, ಅವುಗಳ ಮೇಲೆ ಮುಚ್ಚಳದಂತೆ ರ‍್ಯಾಂಪ್ ಪ್ಲೇಟ್. ಎಂಜಿನ್ ವೇಗ ಏರಿದಂತೆ ರೋಲರ್‌ಗಳು ಹೊರಕ್ಕೆ ಓಡುತ್ತವೆ, ತಟ್ಟೆಯನ್ನು ತಳ್ಳುತ್ತವೆ, ಬೆಲ್ಟ್ ಮುಂದೆ ಮೇಲೇರಿ ಹಿಂದೆ ಒಳಕ್ಕಿಳಿಯುತ್ತದೆ. ಗೇರ್ ಬದಲಾಗುವುದೆಂದರೆ ಇಷ್ಟೇ.   ತೂಕದಿಂದ ತಳ್ಳುವುದು, ಗಾಲಿಯಂತೆ ಉರುಳುವುದು, ಎರಡೂ ಕೆಲಸ ಒಂದೇ ರೋಲರ್‌ನದು. ಹಾಗಾಗಿ ಅದರ ತೂಕವೂ ಮುಖ್ಯ, ದುಂಡಗಿರುವುದೂ ಮುಖ್ಯ.

ರೋಲರ್ ಎಂದರೆ ಲೋಹದ ತಿರುಳು, ಅದರ ಸುತ್ತ ನೈಲಾನ್‌ನಂಥ ಗಟ್ಟಿ ಪ್ಲಾಸ್ಟಿಕ್ ಹೊದಿಕೆ. ಹೆಸರು ರೋಲರ್ ಆದರೂ ಅದು ಸರಾಗವಾಗಿ ಉರುಳುವುದು ಕಮ್ಮಿ, ಉಜ್ಜಿಕೊಂಡು ಜಾರುವುದೇ ಹೆಚ್ಚು. ಒಂದೇ ವೇಗದಲ್ಲಿ ದಿನವೂ ಓಡುವ ಗಾಡಿಯಲ್ಲಿ ರೋಲರ್ ಹಾದಿಯ ಒಂದೇ ಜಾಗದಲ್ಲಿ ಕೂತು ಕಂಪಿಸುತ್ತದೆ, ಅಲ್ಲಿ ಚಪ್ಪಟೆಯಾಗುತ್ತದೆ. ಒಮ್ಮೆ ಚಪ್ಪಟೆಯಾದರೆ ಮತ್ತೆ ಮತ್ತೆ ಅದೇ ಮೈಮೇಲೆ ಬಂದು ಕೂರುತ್ತದೆ, ಆಮೇಲಿನ ಸವೆತ ಬೇಗ. ಬೆಲ್ಟ್‌ನಿಂದ ಉದುರುವ ಕರಿ ಪುಡಿ ಹಾದಿಯಲ್ಲಿ ಕಟ್ಟಿಕೊಂಡರೆ ಉರುಳುವುದು ಇನ್ನೂ ಕಷ್ಟ.

ಯಾವ ಆಧಾರದ ಮೇಲೆ ಆರಿಸಬೇಕು

ಮೊದಲನೆಯದು, ಸವೆದಿರುವುದು ರೋಲರ್ ಮಾತ್ರವೋ ಅದು ಓಡುವ ಹಾದಿಯೂ ಸೇರಿಯೋ ಎಂಬುದು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು, ಬ್ರಾಂಡ್ ವಿಚಾರ ಆಮೇಲೆ. ಹಾದಿಯಲ್ಲಿ ಹಳ್ಳ ಬಿದ್ದಿದ್ದರೆ ಎಷ್ಟೇ ಒಳ್ಳೆಯ ರೋಲರ್ ಹಾಕಿದರೂ ಆ ಹಳ್ಳದ ಅಂಚಿಗೆ ತಾಗಿ ಬೇಗ ಚಪ್ಪಟೆಯಾಗುತ್ತದೆ.

ಎರಡನೆಯದು ಗಾಡಿಯ ಬಳಕೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತು ಹೊರಡುವ ಗಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಇಬ್ಬರನ್ನು ಕೂರಿಸಿಕೊಂಡು ಹತ್ತುವ ಗಾಡಿ, ಹುಬ್ಬಳ್ಳಿ ಧಾರವಾಡದ ನಡುವೆ ದಿನಾ ಒಂದೇ ವೇಗದಲ್ಲಿ ಹೋಗಿಬರುವ ಗಾಡಿ, ಇವು ಮೂರಕ್ಕೂ ಬೇಕಾದ್ದು ಒಂದೇ ಅಲ್ಲ.

ಮೂರನೆಯದು, ಗಾಡಿಯನ್ನು ಇನ್ನೆಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ವಾರಂಟಿ ಉಳಿದಿದೆಯೇ ಎಂಬುದು. ನಾಲ್ಕನೆಯದು ದುಡ್ಡು. ಇಲ್ಲಿ ಲೆಕ್ಕ ಹಾಕುವಾಗ ಪಾರ್ಟ್ ಬೆಲೆ ಮಾತ್ರ ನೋಡಬೇಡಿ. ಕವರ್ ಬಿಚ್ಚಿ ವೇರಿಯೇಟರ್ ಕಳಚಿ ಮತ್ತೆ ಕೂರಿಸುವ ಕೂಲಿ ಅಗ್ಗದ ರೋಲರ್‌ಗೂ ಅಷ್ಟೇ, ದುಬಾರಿ ರೋಲರ್‌ಗೂ ಅಷ್ಟೇ. ನೂರಿನ್ನೂರು ಉಳಿಸಲು ಹೋಗಿ ಕೂಲಿಯನ್ನು ಎರಡು ಸಲ ಕೊಡುವುದು ನಷ್ಟದ ವ್ಯಾಪಾರ.

ಊರಿನಲ್ಲಿ ಏನು ಸಿಗುತ್ತದೆ ಎನ್ನುವುದನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಗೆ ಹೋಗಿ ಅಂಗಡಿ ಅಂಗಡಿ ಕೇಳಬಹುದು. ತಾಲೂಕು ಕೇಂದ್ರದಲ್ಲಿ ಹೆಚ್ಚು ಓಡುವ ಗಾಡಿಗಳ ಕಂಪನಿ ಸೆಟ್ ಸುಲಭವಾಗಿ ಸಿಗುತ್ತದೆ, ಬೇರೆ ತೂಕದ್ದು ಬೇಕೆಂದರೆ ತರಿಸಿಕೊಳ್ಳಬೇಕು.

ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಪ್ರತಿ ತೊಂದರೆಯೂ ರೋಲರ್‌ನದಲ್ಲ. ಹೊರಡುವ ಕ್ಷಣದಲ್ಲಿ ಮಾತ್ರ ಗಡಗಡ ನಡುಕ ಬಂದು ಆಮೇಲೆ ಸರಿಯಾಗುತ್ತದೆ ಎಂದರೆ ಹಿಂದಿನ ಕ್ಲಚ್ ಶೂ ಮತ್ತು ಅದರ ಮೇಲೆ ಮುಚ್ಚಿರುವ ಬಟ್ಟಲಿನಾಕಾರದ ಬೆಲ್ ಕಡೆ ನೋಡಿ. ಹೊರಟ ಮೇಲೆ 20ರಿಂದ 40ರ ವೇಗದಲ್ಲಿ ತಡವರಿಸಿದರೆ, ಐಡ್ಲಿಂಗ್‌ನಲ್ಲಿ ಕಟಕಟ ಎಂದು ಆಕ್ಸಿಲರೇಟರ್ ಕೊಟ್ಟೊಡನೆ ಸದ್ದು ನಿಂತರೆ, ಆಗ ರೋಲರ್ ಅಥವಾ ರ‍್ಯಾಂಪ್ ಪ್ಲೇಟಿನ ಕಿವಿಗಳಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಸ್ಲೈಡ್ ತುಂಡುಗಳ ಮೇಲೆ ಅನುಮಾನ. ಕೆಳಗಿನ ವೇಗದಲ್ಲಿ ಎಲ್ಲ ಸರಿಯಿದ್ದು ಟಾಪ್ ಸ್ಪೀಡ್ ಮಾತ್ರ ಇಳಿದಿದ್ದರೆ ಬೆಲ್ಟ್ ಅಗಲ ಕಳೆದುಕೊಂಡಿರಬಹುದು.

ಅನುಮಾನ ಪರಿಹರಿಸಲು ಒಂದು ಖರ್ಚಿಲ್ಲದ ಪರೀಕ್ಷೆ ಇದೆ. ಕವರ್ ತೆಗೆದಾಗ ಎದುರಿಗೆ ಕಾಣುವ ಅಲ್ಲಾಡದ ತಟ್ಟೆಯ ಒಳಮೈ ಮೇಲೆ, ಅಂದರೆ ಬೆಲ್ಟ್ ತಾಗುವ ಮೈಮೇಲೆ, ನಡುವಿನಿಂದ ಅಂಚಿನ ತನಕ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಕವರ್ ಮುಚ್ಚಿ, ಖಾಲಿ ರಸ್ತೆಯಲ್ಲಿ ಗಾಡಿಯನ್ನು ಅದರ ಪೂರ್ತಿ ವೇಗದ ತನಕ ಒಯ್ದು ಬಂದು ಮತ್ತೆ ಬಿಚ್ಚಿ. ಬೆಲ್ಟ್ ಎಲ್ಲಿಯ ತನಕ ಏರಿತೋ ಅಲ್ಲಿಯ ತನಕ ಗೆರೆ ಅಳಿಸಿರುತ್ತದೆ. ಅಂಚಿನ ಹತ್ತಿರ ಹಲವು ಮಿಲಿಮೀಟರ್ ಗೆರೆ ಹಾಗೇ ಉಳಿದಿದ್ದರೆ ತಟ್ಟೆ ಪೂರ್ತಿ ಜರುಗುತ್ತಿಲ್ಲ ಅಥವಾ ಬೆಲ್ಟ್ ಕಿರಿದಾಗಿದೆ. ಕೆಲವು ಮಾದರಿಗಳಲ್ಲಿ ಹೊಸ ಗಾಡಿಯಲ್ಲೂ ಬೆಲ್ಟ್ ತೀರಾ ಅಂಚಿಗೆ ಬರುವುದಿಲ್ಲ, ಹಾಗಾಗಿ ತಟ್ಟೆಯ ಮೇಲಿನ ಹಳೆಯ ಉಜ್ಜಿದ ಗುರುತು ಎಲ್ಲಿಯ ತನಕ ಇದೆ ಎಂದು ನೋಡಿ ಅದರೊಂದಿಗೆ ಹೋಲಿಸಿ.

ರೋಲರ್ ಹೊರಗೆ ಬಂದ ಮೇಲೆ ಒಂದೊಂದನ್ನೂ ಒರೆಸಿ ಗಾಜಿನ ಮೇಲೆ ಉರುಳಿಸಿ. ಚಪ್ಪಟೆ ಇದ್ದರೆ ಅದು ಪ್ರತಿ ಸುತ್ತಿಗೂ ಒಂದೇ ಕಡೆ ತಡೆದು ನಿಲ್ಲುತ್ತದೆ. ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್ ಇದ್ದರೆ ವ್ಯಾಸವನ್ನು ಎರಡು ಅಡ್ಡ ದಿಕ್ಕಿನಲ್ಲಿ ಅಳೆಯಿರಿ. ರೋಲರ್ ಅಳತೆಯನ್ನು ವ್ಯಾಸ ಮತ್ತು ಅಗಲ ಎಂದು ಬರೆಯುತ್ತಾರೆ, 16×13, 18×14 ಹೀಗೆ, ಮಿಲಿಮೀಟರ್‌ನಲ್ಲಿ. ನಿಖರ ಮಿತಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಅದು ಕೈಗೆ ಸಿಗದಿದ್ದರೆ ಹೊಸದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಕಮ್ಮಿಯಾಗಿದ್ದರೆ ಬದಲಿಸಿ ಎಂಬ ಲೆಕ್ಕ ಸಾಕು. ಹೊದಿಕೆಯಲ್ಲಿ ಬಿರುಕು ಬಿಟ್ಟಿದ್ದರೆ, ಒಳಗಿನ ಲೋಹ ಇಣುಕುತ್ತಿದ್ದರೆ ಅಳತೆ ನೋಡುವ ಅಗತ್ಯವೂ ಇಲ್ಲ.

ಈಗ ಹಾದಿಗಳು. ಜರುಗುವ ತಟ್ಟೆಯ ಆರೂ ಇಳಿಜಾರುಗಳನ್ನು ಬಟ್ಟೆಯಿಂದ ಒರೆಸಿ, ಒಳಗಿನಿಂದ ಹೊರಕ್ಕೆ ಉಗುರು ಎಳೆಯಿರಿ. ಮೈ ನುಣುಪಾಗಿ ಹೋದರೆ ಸರಿ. ಉಗುರು ಒಂದು ಕಡೆ ಮೆಟ್ಟಿಲಿನಂತೆ ಸಿಕ್ಕಿಕೊಂಡರೆ ಅಲ್ಲಿ ರೋಲರ್ ಕೂತು ಕೊರೆದಿದೆ. ರ‍್ಯಾಂಪ್ ಪ್ಲೇಟಿನ ಒಳಮೈಯನ್ನೂ ಹಾಗೇ ನೋಡಿ. ಆಮೇಲೆ ತಟ್ಟೆಯನ್ನು ಅದರ ಬುಷ್ ಮೇಲೆ ಕೂರಿಸಿ ಓರೆಯಾಗಿ ಅಲ್ಲಾಡಿಸಿ. ಎದ್ದು ಕಾಣುವಂತೆ ತೂಗಾಡಿದರೆ ನಡುವಿನ ರಂಧ್ರ ಸವೆದಿದೆ, ಆ ತಟ್ಟೆ ಎಂದಿಗೂ ನೇರವಾಗಿ ಜರುಗುವುದಿಲ್ಲ. ಸ್ಲೈಡ್ ತುಂಡುಗಳು ಪ್ಲೇಟಿನ ಕಿವಿಯಲ್ಲಿ ಸಡಿಲವಾಗಿದ್ದರೆ ಅವುಗಳ ಕಾಲ ಮುಗಿದಿದೆ. ಒಳಗೆಲ್ಲ ಎಣ್ಣೆ ಜಿಡ್ಡು ಕಂಡರೆ ಕ್ರ್ಯಾಂಕ್ ಸೀಲ್‌ನಂಥ ಯಾವುದೋ ಎಣ್ಣೆ ಸೀಲ್ ಸೋರುತ್ತಿದೆ, ಅದನ್ನು ಸರಿಪಡಿಸದೆ ಹೊಸ ಬೆಲ್ಟ್, ಹೊಸ ರೋಲರ್ ಎರಡೂ ದಂಡ.

ಇಷ್ಟು ನೋಡಿದ ಮೇಲೆ ದಾರಿ ಆರಿಸುವುದು ಸುಲಭ.

ಶುಚಿ ಮಾಡಿ ಹಳೆಯದನ್ನೇ ಹಾಕುವುದು

ರೋಲರ್ ದುಂಡಗಿದೆ, ಅಳತೆ ಉಳಿದಿದೆ, ಬರೀ ಪುಡಿ ಕಟ್ಟಿದೆ ಎಂದಾದರೆ ಇದು ಸರಿಯಾದ ದಾರಿ, ಬೇರೆ ಖರ್ಚು ಬೇಡ. ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಒಣಗಿಸಿ ಕೂರಿಸಿ. ಚಪ್ಪಟೆ ಬಿದ್ದ ರೋಲರ್ ಅನ್ನು ಸ್ವಲ್ಪ ತಿರುಗಿಸಿಟ್ಟು ಓಡಿಸುವ ರೂಢಿಯೂ ಇದೆ. ಪಾರ್ಟ್ ಬರುವ ತನಕ ಒಂದು ವಾರ ತಳ್ಳಲು ಪರವಾಗಿಲ್ಲ, ಅದಕ್ಕಿಂತ ಹೆಚ್ಚು ಕಾಲ ಬೇಡ. ಚಪ್ಪಟೆ ಮೈ ತಿರುಗಿ ತನ್ನ ಜಾಗಕ್ಕೆ ಬಂದೇ ಬರುತ್ತದೆ.

ಆರರಲ್ಲಿ ಎರಡು ಮಾತ್ರ ಕೆಟ್ಟಿವೆ, ಎರಡನ್ನೇ ಬದಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊಸ ರೋಲರ್‌ಗಳ ವ್ಯಾಸ ಹೆಚ್ಚಿರುವುದರಿಂದ ತಟ್ಟೆಯ ಭಾರವೆಲ್ಲ ಆ ಎರಡರ ಮೇಲೆ ಬೀಳುತ್ತದೆ, ರ‍್ಯಾಂಪ್ ಪ್ಲೇಟ್ ಓರೆಯಾಗುತ್ತದೆ, ಸ್ಲೈಡ್ ತುಂಡುಗಳು ತಿಂದುಹೋಗುತ್ತವೆ. ಬದಲಿಸಿದರೆ ಆರನ್ನೂ ಒಟ್ಟಿಗೆ.

ಕಂಪನಿ ಸೆಟ್

ಹೆಚ್ಚಿನವರಿಗೆ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಹೆಸರಿನ ಮೋಹವಲ್ಲ. ಎಂಜಿನ್‌ನ ಶಕ್ತಿ ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಹೆಚ್ಚು, ಗಾಡಿಯ ತೂಕ ಎಷ್ಟು, ಹಿಂದಿನ ಪುಲ್ಲಿಯ ಸ್ಪ್ರಿಂಗ್ ಎಷ್ಟು ಬಿಗಿ ಎಂಬುದನ್ನೆಲ್ಲ ನೋಡಿ ರೋಲರ್ ತೂಕ ನಿಗದಿಯಾಗಿರುತ್ತದೆ. ಕಂಪನಿ ಸೆಟ್ಟಿನಲ್ಲಿ ಆರೂ ರೋಲರ್‌ಗಳು ಅದೇ ತೂಕಕ್ಕೆ ಹತ್ತಿರ ಇರುತ್ತವೆ, ಹೊದಿಕೆಯ ಪ್ಲಾಸ್ಟಿಕ್ ಬಿಸಿ ತಡೆಯುತ್ತದೆ. ಒಂದು ಸೆಟ್ಟಿನ ಬೆಲೆ ಸಾಮಾನ್ಯ ಸ್ಕೂಟರ್‌ಗಳಿಗೆ ಕೆಲವು ನೂರು ರೂಪಾಯಿಗಳ ಮಾತು. ಜೊತೆಗೆ ಸ್ಲೈಡ್ ತುಂಡುಗಳನ್ನೂ ಕೇಳಿ ತೆಗೆದುಕೊಳ್ಳಿ, ಅವು ಇನ್ನೂ ಅಗ್ಗ, ಹೊಸ ರೋಲರ್ ಹಾಕಿ ಹಳೆಯ ತುಂಡು ಬಿಟ್ಟರೆ ಸದ್ದು ಹೋಗುವುದಿಲ್ಲ.

ಕೊಳ್ಳುವಾಗ ಗಾಡಿಯ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಸ್ಕೂಟರ್‌ನಲ್ಲಿ ವರ್ಷ ಬದಲಾದಂತೆ ಎಂಜಿನ್ ಬದಲಾಗಿರುತ್ತದೆ, ರೋಲರ್ ತೂಕವೂ ಬದಲಾಗಿರಬಹುದು. ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷ, ಚಾಸಿ ನಂಬರ್ ಇಟ್ಟುಕೊಂಡು ಪಾರ್ಟ್ ನಂಬರ್ ಹುಡುಕಿಸಿ. ವಾರಂಟಿ ಇರುವ ಗಾಡಿಗೆ ಇದನ್ನು ಬಿಟ್ಟು ಬೇರೆ ಯೋಚನೆಯೇ ಬೇಡ.

ಮಾರುಕಟ್ಟೆಯ ಬೇರೆ ಬ್ರಾಂಡ್, ಲೋಕಲ್

ಇಲ್ಲಿ ಎರಡು ಜಾತಿ ಇದೆ, ಬೆರೆಸಬೇಡಿ. ಹೆಸರು, ಅಳತೆ, ತೂಕ ಎಲ್ಲ ಪೊಟ್ಟಣದ ಮೇಲೆ ಅಚ್ಚಾಗಿರುವ, ಬೇರೆ ಬೇರೆ ಗಾಡಿಗಳಿಗೆ ಪಾರ್ಟ್ ಮಾಡುವ ಕಂಪನಿಗಳ ಮಾಲು ಒಂದು. ಇದು ಕೆಲಸಕ್ಕೆ ಬರುತ್ತದೆ, ಬೆಲೆಯೂ ಕಮ್ಮಿ. ಬಿಡಿ ಪ್ಲಾಸ್ಟಿಕ್ ಚೀಲದಲ್ಲಿ, ಯಾವ ಗುರುತೂ ಇಲ್ಲದೆ ಬರುವುದು ಇನ್ನೊಂದು. ಇದರ ಹೊದಿಕೆ ಮೃದುವಾಗಿದ್ದು ಬಿಸಿಗೆ ಹಿಗ್ಗುತ್ತದೆ, ತಿರುಳಿನಿಂದ ಬಿಟ್ಟುಕೊಳ್ಳುತ್ತದೆ. ಹೊದಿಕೆ ಒಡೆದು ಲೋಹ ಹಾದಿಗೆ ತಾಗಿದರೆ ಅಲ್ಯೂಮಿನಿಯಂ ತಟ್ಟೆ ಕೊರೆದುಹೋಗುತ್ತದೆ. ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಳ ತಟ್ಟೆ ಕಳೆದುಕೊಂಡಂತೆ.

ಅಂಗಡಿಯಲ್ಲೇ ಪರೀಕ್ಷಿಸಬಹುದು. ಪುಟ್ಟ ಡಿಜಿಟಲ್ ತಕ್ಕಡಿ, 0.1 ಗ್ರಾಂ ತೋರಿಸುವಂಥದ್ದು, ಅಂಗಡಿಯವರ ಬಳಿ ಇಲ್ಲದಿದ್ದರೆ ಪಕ್ಕದ ಚಿನ್ನದ ಅಂಗಡಿಯಲ್ಲಿ ಇರುತ್ತದೆ. ಆರನ್ನೂ ಒಂದೊಂದಾಗಿ ತೂಗಿ. ಒಂದಕ್ಕೊಂದು 0.2, 0.3 ಗ್ರಾಂನಷ್ಟು ವ್ಯತ್ಯಾಸವಿದ್ದರೆ ಸರಿ. ಅರ್ಧ ಗ್ರಾಂ, ಮುಕ್ಕಾಲು ಗ್ರಾಂ ಹೆಚ್ಚು ಕಮ್ಮಿ ಇದ್ದರೆ ಆ ಸೆಟ್ ವಾಪಸ್ ಕೊಡಿ, ಕಂಪನ ಬರುತ್ತದೆ.

ಗಾಡಿಯನ್ನು ಇನ್ನಾರು ತಿಂಗಳಲ್ಲಿ ಮಾರುವವರಿಗೆ, ಅಥವಾ ಹಳೆಯ ಮಾದರಿಯಾಗಿ ಕಂಪನಿ ಪಾರ್ಟ್ ನಿಂತುಹೋಗಿರುವವರಿಗೆ ಹೆಸರಿರುವ ಬ್ರಾಂಡ್ ಒಳ್ಳೆಯ ಆಯ್ಕೆ. ಗುರುತಿಲ್ಲದ್ದು ಯಾರಿಗೂ ಬೇಡ.

ಹಗುರ ರೋಲರ್, ಭಾರದ ರೋಲರ್

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ರೋಲರ್ ತಟ್ಟೆಯನ್ನು ತಳ್ಳುವ ಬಲ ಅದರ ತೂಕಕ್ಕೆ ತಕ್ಕಂತೆ ಇರುತ್ತದೆ, ಎಂಜಿನ್ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆಯೂ ಇರುತ್ತದೆ. ತೂಕ 10% ಇಳಿಸಿದರೆ ಅದೇ ಬಲ ಬರಲು ಎಂಜಿನ್ ಸುಮಾರು 5% ಜೋರಾಗಿ ತಿರುಗಬೇಕು. ಅಂದರೆ 6,000 ಆರ್‌ಪಿಎಂನಲ್ಲಿ ಗೇರ್ ಬದಲಿಸುತ್ತಿದ್ದ ಗಾಡಿ ಈಗ 6,300ರ ಸುಮಾರಿಗೆ ಬದಲಿಸುತ್ತದೆ. ಎಂಜಿನ್ ತನ್ನ ಶಕ್ತಿಯ ಶಿಖರಕ್ಕೆ ಹತ್ತಿರ ಇರುವುದರಿಂದ ಏರಿನಲ್ಲಿ, ಡಬಲ್ಸ್‌ನಲ್ಲಿ ಗಾಡಿ ಚುರುಕಾಗಿ ಎಳೆಯುತ್ತದೆ. ಅದಕ್ಕೆ ತೆರುವ ಬೆಲೆ ಹೆಚ್ಚಿನ ಸದ್ದು ಮತ್ತು ಕಮ್ಮಿ ಮೈಲೇಜ್. ಭಾರದ್ದು ಹಾಕಿದರೆ ಇದರ ತಿರುಗಾಮುರುಗಾ. ಕಮ್ಮಿ ಆರ್‌ಪಿಎಂನಲ್ಲೇ ಮೇಲಿನ ಗೇರ್‌ಗೆ ಹೋಗುತ್ತದೆ, ಸಮತಟ್ಟಿನಲ್ಲಿ ಹಾಯಾಗಿ ಓಡುತ್ತದೆ, ಸಿಗ್ನಲ್‌ನಿಂದ ಎದ್ದೇಳುವಾಗ ಮಂಕಾಗಿರುತ್ತದೆ, ಘಾಟಿಯಲ್ಲಿ ಎಂಜಿನ್ ಉಸಿರುಗಟ್ಟುತ್ತದೆ.

ಹಗುರದ್ದು ಹಾಕಿದರೆ ಟಾಪ್ ಸ್ಪೀಡ್ ಏರುತ್ತದೆ ಎಂಬ ಮಾತು ನಂಬಬೇಡಿ. ಟಾಪ್ ಸ್ಪೀಡ್ ತೀರ್ಮಾನಿಸುವುದು ಎಂಜಿನ್ ಶಕ್ತಿ ಮತ್ತು ಬೆಲ್ಟ್ ಎಲ್ಲಿಯ ತನಕ ಏರಬಲ್ಲದು ಎಂಬುದು. ಅತಿ ಹಗುರವಾದರೆ ತಟ್ಟೆ ಪೂರ್ತಿ ಜರುಗುವ ಮೊದಲೇ ಎಂಜಿನ್ ತನ್ನ ಮಿತಿ ಮುಟ್ಟಿ ಟಾಪ್ ಸ್ಪೀಡ್ ಕಮ್ಮಿಯೂ ಆಗಬಹುದು. ಸವೆದ ರೋಲರ್ ತೆಗೆದು ಹಗುರ ಹೊಸದನ್ನು ಹಾಕಿಸಿದವರು "ಗಾಡಿ ಹಾರುತ್ತಿದೆ" ಅನ್ನುವಾಗ ಹೆಚ್ಚಿನ ಪಾಲು ಲಾಭ ಬಂದಿರುವುದು ಹೊಸದು ದುಂಡಗಿರುವುದರಿಂದ. ಕಂಪನಿ ತೂಕದ್ದೇ ಹಾಕಿದ್ದರೂ ಬಹುಪಾಲು ವ್ಯತ್ಯಾಸ ಕಾಣುತ್ತಿತ್ತು. ಹಾಗಾಗಿ ಮೊದಲು ಮೂಲ ತೂಕದ ಹೊಸ ಸೆಟ್ ಹಾಕಿ ಒಂದಷ್ಟು ದಿನ ಓಡಿಸಿ. ಆಗಲೂ ಏರಿನಲ್ಲಿ ಕೊರತೆ ಅನ್ನಿಸಿದರೆ ಮಾತ್ರ ತೂಕದ ಕಡೆ ಬನ್ನಿ.

ಬದಲಿಸುವಾಗ ಒಂದೊಂದು ಗ್ರಾಂ ಹೆಜ್ಜೆ ಇಡಿ. ಆರು ರೋಲರ್‌ಗೆ ಒಂದೊಂದು ಗ್ರಾಂ ಎಂದರೆ ಒಟ್ಟು ಆರು ಗ್ರಾಂ, ಅದರ ಪರಿಣಾಮ ಕೈಗೆ ತಿಳಿಯುತ್ತದೆ. ಅರ್ಧ ಗ್ರಾಂ ಹೆಜ್ಜೆ ಬೇಕೆಂದರೆ ಎರಡು ತೂಕಗಳನ್ನು ಮೂರು ಮೂರು ತೆಗೆದುಕೊಂಡು ಒಂದು ಬಿಟ್ಟು ಒಂದರಂತೆ ಕೂರಿಸಬಹುದು. 13 ಗ್ರಾಂನ ಮೂರು, 14 ಗ್ರಾಂನ ಮೂರು ಹಾಕಿದರೆ ಸರಾಸರಿ 13.5. ಒಂದು ಬಿಟ್ಟು ಒಂದು ಎಂಬುದನ್ನು ತಪ್ಪಿಸಿದರೆ ತೂಕ ಒಂದು ಕಡೆ ವಾಲಿ ಕ್ರ್ಯಾಂಕ್ ನಡುಗುತ್ತದೆ. ತೂಕ ಬದಲಿಸಬಹುದು, ವ್ಯಾಸ ಮತ್ತು ಅಗಲವನ್ನು ಬದಲಿಸುವಂತಿಲ್ಲ.

ಮಲೆನಾಡಿನ, ಕೊಡಗಿನ ಏರುರಸ್ತೆಗಳಲ್ಲಿ ಹೊರೆ ಹೊತ್ತು ಓಡುವ ಗಾಡಿಗೆ ಒಂದು ಗ್ರಾಂ ಹಗುರ ಮಾಡುವುದು ಸಮಂಜಸ.  ಬಯಲುಸೀಮೆಯ ನೇರ ರಸ್ತೆಯಲ್ಲಿ ಒಬ್ಬರೇ ಓಡಾಡುವವರಿಗೆ ಮೂಲ ತೂಕವೇ ಸಾಕು. ಮೈಲೇಜ್ ಆಸೆಗೆ ಭಾರದ್ದು ಹಾಕಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಊರೊಳಗಿನ ಓಡಾಟದಲ್ಲಿ ಪಿಕಪ್ ಸಾಲದೆ ಆಕ್ಸಿಲರೇಟರ್ ಹೆಚ್ಚು ತಿರುಗಿಸಿ, ಉಳಿದದ್ದು ಅಲ್ಲೇ ಹೋಗುತ್ತದೆ.

ಸ್ಲೈಡರ್ ರೋಲರ್

ದುಂಡಗಿನ ಬದಲು ಮೂಲೆ ಇರುವ, ಉರುಳದೆ ಜಾರುವಂತೆಯೇ ಮಾಡಿದ ರೋಲರ್‌ಗಳಿವು. ತೈವಾನ್‌ನ ಡಾಕ್ಟರ್ ಪುಲ್ಲಿ ಈ ಬಗೆಯಲ್ಲಿ ಹೆಸರಾದ ಬ್ರಾಂಡ್. ಹೇಗೂ ಉಜ್ಜಿಕೊಂಡೇ ಜರುಗುವುದಾದರೆ ಅದಕ್ಕೆ ಅಗಲವಾದ ಸಮತಟ್ಟು ಮೈಯನ್ನೇ ಕೊಟ್ಟುಬಿಡೋಣ ಎಂಬುದು ಇದರ ಹಿಂದಿನ ಯೋಚನೆ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಚಪ್ಪಟೆಯಾಗುವ ಪ್ರಶ್ನೆ ಕಮ್ಮಿ. ಹಾದಿಯ ಕೊನೆಗೆ ಬಂದಾಗ ಅದರ ಆಕಾರದಿಂದಾಗಿ ತಟ್ಟೆಯನ್ನು ಇನ್ನೊಂದಿಷ್ಟು ತಳ್ಳುತ್ತದೆ, ಬೆಲ್ಟ್ ಸ್ವಲ್ಪ ಹೆಚ್ಚು ಏರುತ್ತದೆ. ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ತುಸು ಕಮ್ಮಿ ತಿರುಗುತ್ತದೆ.

ತೊಂದರೆಗಳೂ ಇವೆ. ಬೆಲೆ ಕಂಪನಿ ಸೆಟ್ಟಿನ ಹಲವು ಪಟ್ಟು. ನಮ್ಮ ಎಲ್ಲ ಮಾದರಿಗಳಿಗೂ ಸರಿಯಾದ ಅಳತೆ, ತೂಕ ಸಿಗುವುದಿಲ್ಲ. ಅತಿ ಮುಖ್ಯವಾಗಿ ಇವನ್ನು ಒಂದೇ ದಿಕ್ಕಿನಲ್ಲಿ ಕೂರಿಸಬೇಕು. ಪೊಟ್ಟಣದ ಚಿತ್ರ ನೋಡಿ, ವೇರಿಯೇಟರ್ ತಿರುಗುವ ದಿಕ್ಕು ಗುರುತಿಸಿ ಹಾಕದಿದ್ದರೆ ಸಿಕ್ಕಿಕೊಂಡು ನಿಲ್ಲುತ್ತವೆ. ಹಾದಿ ಸವೆದಿರುವ ತಟ್ಟೆಗಂತೂ ಇವು ಬೇಡವೇ ಬೇಡ. ದಿನಕ್ಕೆ ದೂರದ ಓಡಾಟವಿದ್ದು, ತಟ್ಟೆ ಹೊಸದರಂತಿದ್ದು, ಕೆಲಸ ಬಲ್ಲ ಮೆಕ್ಯಾನಿಕ್ ಸಿಕ್ಕಿದರೆ ಹಾಕಿಸಿ. ಮಾರುಕಟ್ಟೆಗೆ, ಶಾಲೆಗೆ, ಆಫೀಸಿಗೆ ಹೋಗಿಬರುವ ಗಾಡಿಗೆ ಆ ದುಡ್ಡಿನಲ್ಲಿ ಹೊಸ ಬೆಲ್ಟ್ ಹಾಕಿಸುವುದು ಹೆಚ್ಚು ಲಾಭ.

ಇಡೀ ವೇರಿಯೇಟರ್

ಉಗುರು ಸಿಕ್ಕಿಕೊಂಡ ಹಾದಿ, ಬುಷ್ ಮೇಲೆ ತೂಗಾಡುವ ತಟ್ಟೆ, ಬೆಲ್ಟ್ ತಾಗುವ ಮೈಯಲ್ಲಿ ಗೀರಿದ ಉಂಗುರಗಳು, ಇವುಗಳಲ್ಲಿ ಒಂದಿದ್ದರೂ ಬರೀ ರೋಲರ್ ಬದಲಿಸುವುದು ತಾತ್ಕಾಲಿಕ. ಜರುಗುವ ತಟ್ಟೆ, ಬುಷ್, ರ‍್ಯಾಂಪ್ ಪ್ಲೇಟ್, ಸ್ಲೈಡ್ ತುಂಡು, ರೋಲರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಖರ್ಚು ಸಾವಿರಗಳಲ್ಲಿ ಬರುತ್ತದೆ. ತಟ್ಟೆಯ ಹಳ್ಳವನ್ನು ಲೇತ್ ಅಂಗಡಿಯಲ್ಲಿ ಕೆತ್ತಿಸಿ ನುಣುಪು ಮಾಡಿಸುವ ಸಲಹೆ ಬರಬಹುದು. ಹಾಗೆ ಮಾಡಿದರೆ ಇಳಿಜಾರಿನ ಕೋನ ಬದಲಾಗುತ್ತದೆ, ಆರೂ ಹಾದಿ ಒಂದೇ ಸಮ ಬರುವುದಿಲ್ಲ. ಬೇಡ.

ಅದೇ ರೀತಿ ಗುಜರಿಯಿಂದ ತಂದ ಹಳೆಯ ವೇರಿಯೇಟರ್ ಅಗ್ಗವೆಂದು ಕಂಡರೂ, ಮೇಲಿನ ಉಗುರು ಪರೀಕ್ಷೆ, ಬುಷ್ ಪರೀಕ್ಷೆ ಎರಡೂ ಅಲ್ಲೇ ನಿಂತು ಮಾಡಿ ಗೆದ್ದರೆ ಮಾತ್ರ ತನ್ನಿ.

ಬೇಡದೆ ಇಡೀ ಸೆಟ್ ಹಾಕಿಸಿಕೊಳ್ಳುವುದೂ ಬಹಳ ನಡೆಯುತ್ತದೆ. ಗ್ಯಾರೇಜಿನಲ್ಲಿ ವೇರಿಯೇಟರ್ ಹೋಗಿದೆ ಎಂದರೆ, ಎಲ್ಲಿ ಸವೆದಿದೆ ತೋರಿಸಿ ಎಂದು ಕೇಳಿ. ನಿಜವಾಗಿ ಸವೆದಿದ್ದರೆ ನಿಮ್ಮ ಬೆರಳಿಗೇ ತಿಳಿಯುತ್ತದೆ.

ಬೆಲ್ಟ್ ಕೂಡ ಇದೇ ಲೆಕ್ಕದಲ್ಲಿ

ಬಹುತೇಕ ಸ್ಕೂಟರ್‌ಗಳಿಗೆ ಬೆಲ್ಟ್ ಬದಲಿಸಲು ಕಂಪನಿ ಹೇಳುವ ದೂರ 20,000ದಿಂದ 25,000 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ, ನಿಮ್ಮ ಮಾಲೀಕರ ಕೈಪಿಡಿಯ ಸಂಖ್ಯೆಯೇ ಅಂತಿಮ. ರೋಲರ್ ಬದಲಿಸುವಾಗ ಆ ದೂರಕ್ಕೆ ನಾಲ್ಕೈದು ಸಾವಿರವಷ್ಟೇ ಬಾಕಿ ಇದ್ದರೆ ಬೆಲ್ಟನ್ನೂ ಈಗಲೇ ಹಾಕಿಸಿ. ಎರಡನೇ ಕೂಲಿ ಉಳಿಯುತ್ತದೆ. ಬೆಲ್ಟ್ ಹಲ್ಲುಗಳ ಬುಡದಲ್ಲಿ ಬಿರುಕು, ಅಂಚಿನಲ್ಲಿ ನೂಲು ಬಿಟ್ಟುಕೊಂಡಿರುವುದು ಕಂಡರೆ ಕಿಲೋಮೀಟರ್ ನೋಡಬೇಡಿ. ಘಾಟಿಯ ನಡುವೆ ಬೆಲ್ಟ್ ತುಂಡಾದರೆ ಗಾಡಿಯನ್ನು ತಳ್ಳದೆ ಬೇರೆ ದಾರಿಯಿಲ್ಲ.

ಯಾವುದನ್ನೇ ಹಾಕಿಸಿ, ಕೂರಿಸುವಾಗ ಹಾಳಾಗುವುದು ಇಲ್ಲಿ

ಮೊದಲ ತಪ್ಪು, ರ‍್ಯಾಂಪ್ ಪ್ಲೇಟ್ ಜಾರಿಬಿಡುವುದು. ರೋಲರ್ ಇಟ್ಟು ಪ್ಲೇಟ್ ಮುಚ್ಚಿದ ಮೇಲೆ ತಟ್ಟೆ ಮತ್ತು ಪ್ಲೇಟ್ ಎರಡನ್ನೂ ಬೆರಳುಗಳಿಂದ ಒತ್ತಿ ಹಿಡಿದುಕೊಂಡೇ ಶಾಫ್ಟ್ ಮೇಲೆ ಕೂರಿಸಬೇಕು. ಒಂದು ಕ್ಷಣ ಸಡಿಲ ಬಿಟ್ಟರೂ ಒಂದು ರೋಲರ್ ತನ್ನ ಹಾದಿ ದಾಟಿ ಒಳಗೆ ಬೀಳುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೊಸ ರೋಲರ್ ಹಾಕಿದ ಮೇಲೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ನಡುಗಿದರೆ ಮೊದಲು ಇದನ್ನೇ ಅನುಮಾನಿಸಿ.

ರೋಲರ್‌ನ ಒಂದು ಬದಿ ಪ್ಲಾಸ್ಟಿಕ್‌ನಿಂದ ಮುಚ್ಚಿದ್ದು ಇನ್ನೊಂದು ಬದಿಯಲ್ಲಿ ಲೋಹ ಕಾಣುವಂತಿದ್ದರೆ ಆರೂ ಒಂದೇ ದಿಕ್ಕಿಗೆ ಇರಬೇಕು. ಎಳೆಯುವಾಗ ರೋಲರ್ ಹಾದಿಯ ಒಂದು ಪಕ್ಕದ ಗೋಡೆಗೆ ಒತ್ತಿಕೊಳ್ಳುತ್ತದೆ, ಆ ಗೋಡೆಗೆ ಮುಚ್ಚಿದ ಬದಿ ಬರಬೇಕು. ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ತಲೆನೋವಿಲ್ಲ.

ಗ್ರೀಸ್ ಹಚ್ಚುವ ಚಟ ಕೆಲವು ಗ್ಯಾರೇಜುಗಳಲ್ಲಿದೆ. ಈಗಿನ ಬಹುಪಾಲು ಸ್ಕೂಟರ್‌ಗಳಲ್ಲಿ ರೋಲರ್ ಒಣಗಿರಬೇಕು. ಗ್ರೀಸ್ ಹಚ್ಚಿದರೆ ಬೆಲ್ಟ್ ಪುಡಿ ಅದಕ್ಕೆ ಅಂಟಿ ಮರಳು ಕಾಗದದಂತೆ ಉಜ್ಜುತ್ತದೆ, ಚಿಮ್ಮಿ ಬೆಲ್ಟ್‌ಗೆ ತಾಗಿದರೆ ಬೆಲ್ಟ್ ಜಾರುತ್ತದೆ. ಸರ್ವಿಸ್ ಮ್ಯಾನುಯಲ್ ಹೇಳಿದ ಮಾದರಿಗೆ ಮಾತ್ರ, ಹೇಳಿದಷ್ಟೇ ಹಚ್ಚಬೇಕು.

ಇನ್ನೊಂದು ತಪ್ಪು ಎಂಜಿನ್ನಿಗೇ ಕುತ್ತು ತರುವಂಥದ್ದು. ಬೆಲ್ಟನ್ನು ಹಿಂದಿನ ಪುಲ್ಲಿಯಲ್ಲಿ ಒಳಕ್ಕೆ ಒತ್ತಿ ಮುಂದೆ ಸಡಿಲ ಮಾಡಿಕೊಳ್ಳದೆ ಮುಂದಿನ ನಟ್ ಬಿಗಿದರೆ ಬೆಲ್ಟ್ ಎರಡು ತಟ್ಟೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಾಡದ ತಟ್ಟೆ ಬುಷ್‌ಗೆ ತಾಗಿರುವುದೇ ಇಲ್ಲ, ಆದರೆ ಕೈಗೆ ನಟ್ ಬಿಗಿಯಾದಂತೆ ಅನ್ನಿಸುತ್ತದೆ. ಗಾಡಿ ಓಡಲು ಶುರುವಾಗಿ ಬೆಲ್ಟ್ ಸರಿದ ಕೂಡಲೇ ನಟ್ ಸಡಿಲ, ತಟ್ಟೆ ಶಾಫ್ಟ್ ಮೇಲೆ ಅಲ್ಲಾಡಿ ಅದರ ಹಲ್ಲುಗಳನ್ನು ಬೋಳಿಸಿಬಿಡುತ್ತದೆ. ಆಮೇಲೆ ಕ್ರ್ಯಾಂಕ್ ಬದಲಿಸುವ ಖರ್ಚು. ತಪ್ಪಿಸುವುದು ಸುಲಭ: ಹಿಂದಿನ ಪುಲ್ಲಿಯ ತಟ್ಟೆಗಳನ್ನು ಅಗಲಿಸಿ ಬೆಲ್ಟನ್ನು ಒಳಕ್ಕೆ ಒತ್ತಿ, ಮುಂದಿನ ತಟ್ಟೆ ಹಾಕಿ, ನಟ್ಟನ್ನು ಕೈಯಿಂದಲೇ ಕೊನೆಯ ತನಕ ತಿರುಗಿಸಿ. ಆಗ ಮುಂದೆ ಬೆಲ್ಟ್ ಇನ್ನೂ ಸಡಿಲವಾಗಿ ಅಲ್ಲಾಡುತ್ತಿರಬೇಕು. ಹಾಗಿದ್ದರೆ ಮಾತ್ರ ತಟ್ಟೆ ಹಿಡಿಯುವ ಹೋಲ್ಡರ್ ಹಾಕಿ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ಏರ್ ಗನ್ ಬಿಚ್ಚಲು ಇರಲಿ, ಬಿಗಿಯಲು ಬೇಡ.

ಬೆಲ್ಟ್ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೆ ಇರಲಿ. ಕವರ್ ಮುಚ್ಚುವ ಮೊದಲು ಮೇನ್ ಸ್ಟ್ಯಾಂಡ್ ಹಾಕಿ, ಹಿಂದಿನ ಪುಲ್ಲಿಯನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ ಬೆಲ್ಟ್ ಸಿಕ್ಕಿಕೊಳ್ಳದೆ ಓಡುತ್ತದೆಯೇ ನೋಡಿ. ಕವರ್ ಒಳಗಡೆ ಫೋಮ್ ಫಿಲ್ಟರ್ ಇರುವ ಮಾದರಿಯಾದರೆ ಅದನ್ನೂ ತೊಳೆದು ಒಣಗಿಸಿ ಹಾಕಿ. ಅಲ್ಲಿ ಗಾಳಿ ಕಟ್ಟಿದರೆ ಒಳಗಿನ ಬಿಸಿ ಏರಿ ಹೊಸ ರೋಲರ್, ಹೊಸ ಬೆಲ್ಟ್ ಎರಡರ ಆಯಸ್ಸೂ ಕಮ್ಮಿಯಾಗುತ್ತದೆ. ಓಡೋಮೀಟರ್‌ನ ಸಂಖ್ಯೆ, ಹಾಕಿದ ರೋಲರ್‌ನ ಅಳತೆ ಮತ್ತು ತೂಕವನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗಿನ ಸರ್ವಿಸ್ ಪುಸ್ತಕದಲ್ಲಿ ಇಡಿ. ಮುಂದಿನ ಸಲ ಬಿಚ್ಚುವವರು ಬೇರೆ ಮೆಕ್ಯಾನಿಕ್ ಆಗಿದ್ದರೆ ಒಳಗಿರುವುದು ಮೂಲ ತೂಕವೋ ಬದಲಿಸಿದ್ದೋ ಎಂದು ಅವರಿಗೆ ಬೇರೆ ಹೇಗೂ ಗೊತ್ತಾಗುವುದಿಲ್ಲ.